ಸೋತಾಗ ‘ಬೂ’ ಅನ್ನಬಹುದಾ?

ತಮ್ಮನನ್ನ ಕರ್ಕೊಂಡು ತುಮಕೂರಿಂದ ಬೆಂಗಳೂರಿನ ಕಂಠೀರವ ಸ್ಟೇಡಿಯಂಗೆ ಹೋಗಿದ್ರಿ, ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿ ಸೋತಾಗ ಅಕ್ಕಪಕ್ಕದವರ ಜೊತೆ ನೀವೂ ‘ಬೂ’ ಅಂದ್ರಿ, ಅದು ತಪ್ಪಾ ಅಂತ ಕೇಳಿದ್ದೀರಿ. ಕೊನೇ ಸೀಟಿ ಆದ್ಮೇಲೆ ಅಂದಿದ್ರೆ ಖಂಡಿತ ತಪ್ಪಲ್ಲ. ಕ್ಯಾತ್ಸಂದ್ರ ದಾಟಿ ಸುಮಾರು 70 ಕಿಲೋಮೀಟರ್ ಬಸ್ಸಲ್ಲಿ ಬಂದವರಿಗೆ ಬೇಸರ ತೋರಿಸೋ ಹಕ್ಕಿದೆ.

ಆಟ ನಡೀತಿರುವಾಗ ಮಾತ್ರ ಬೇಡ. ಗೆರೆ ಪಕ್ಕ ಆಡೋ ಡಿಫೆಂಡರ್ ಹುಡುಗನನ್ನ ಒಮ್ಮೆ ಗಮನಿಸಿ. ಒಂದು ಪಾಸ್ ತಪ್ಪಿದಾಗ ಜನ ಕೂಗಿದ್ರೆ, ಮುಂದಿನ ಸಲ ಎದುರಿಗೆ ಜಾಗ ಖಾಲಿ ಇದ್ರೂ ತಲೆ ಎತ್ತಲ್ಲ. ಚೆಂಡನ್ನ ಹಿಂದಕ್ಕೆ, ಗೋಲ್‌ಕೀಪರ್‌ಗೆ ತಳ್ಳಿ ಕೈತೊಳ್ಕೊತಾನೆ. ನಮ್ಮ ಕೂಗಿನ ಲಾಭ ಎದುರಾಳಿಗೇ.

2018ರ ಜೂನ್‌ನಲ್ಲಿ ಮುಂಬೈನಲ್ಲಿ ಭಾರತ ಚೈನೀಸ್ ತೈಪೆಯನ್ನ 5-0ರಿಂದ ಸೋಲಿಸಿದಾಗ ನೋಡೋಕೆ ಮೂರು ಸಾವಿರ ಜನವೂ ಇರಲಿಲ್ಲ. ಆಗಿನ ಭಾರತ ತಂಡದ ನಾಯಕ ಸುನಿಲ್ ಛೆಟ್ರಿ ವಿಡಿಯೊ ಮಾಡಿ, ಬೈಯೋದಾದ್ರೂ ಮೈದಾನಕ್ಕೇ ಬಂದು ಬೈಯಿರಿ ಅಂತ ಬೇಡಿಕೊಂಡರು. ಮುಂದಿನ ಕೀನ್ಯಾ ಪಂದ್ಯಕ್ಕೆ ಟಿಕೆಟ್ಟೆಲ್ಲ ಖಾಲಿ! ಅಭಿಮಾನಿಯ ಸಿಟ್ಟನ್ನ ಆಟಗಾರ ತಡ್ಕೋತಾನೆ, ಬರದೇ ಇರೋದನ್ನಲ್ಲ. ಹಾಗಾಗಿ 80ನೇ ನಿಮಿಷಕ್ಕೆ ಎದ್ದು ಹೋಗೋರ ಮೇಲೆ ನನಗೆ ಇನ್ನೂ ಸಿಟ್ಟು.

ತಮ್ಮನಿಗೆ ಇದೊಂದು ಹೇಳಿ: ಒಬ್ಬನ ಹೆಸರು ಹಿಡಿದು, ಅವನ ಮನೆಯವರನ್ನ ಎಳೆದು ಬೈಯೋರ ಜೊತೆ ಯಾವತ್ತೂ ಸೇರಬೇಡ. ಅಂಥವರು ಪಕ್ಕದಲ್ಲಿದ್ರೆ ಮುಂದಿನ ಸಲ ಪಶ್ಚಿಮದ ಸ್ಟ್ಯಾಂಡಿಗೆ, ಬೆಂಗಳೂರು ಎಫ್‌ಸಿಯ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್ ಕೂರೋ ಕಡೆ ಟಿಕೆಟ್ ತಗೊಳ್ಳಿ. ಎರಡು ಗೋಲು ಹಿಂದಿದ್ರೂ ಅಲ್ಲಿ ಹಾಡು ನಿಲ್ಲಲ್ಲ.