ಅಪ್ಪನಿಗೆ ಬಾಯಿಯಲ್ಲೂ ಅನ್ನನಾಳದಲ್ಲೂ ಕ್ಯಾನ್ಸರ್: ಎರಡನ್ನೂ ಒಟ್ಟಿಗೆ ಆಪರೇಷನ್ ಮಾಡಬಹುದೇ?

ಉಡುಪಿಯಲ್ಲಿರುವ ತಂದೆಯವರಿಗೆ ಕೆನ್ನೆಯೊಳಗೆ ಒಂದು, ಎಂಡೋಸ್ಕೋಪಿ ಮಾಡಿದಾಗ ಅನ್ನನಾಳದಲ್ಲಿ ಇನ್ನೊಂದು ಸಿಕ್ಕಿದೆ, ನೆಂಟರೆಲ್ಲ "ಹರಡಿಬಿಟ್ಟಿದೆ, ನಾಲ್ಕನೇ ಸ್ಟೇಜು, ಆಪರೇಷನ್ ಬೇಡ" ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ನಾನು ಮಂಗಳೂರಿನಲ್ಲಿ ಕ್ಯಾನ್ಸರ್ ಸರ್ಜನ್. ದಯವಿಟ್ಟು ಆ ಮಾತಿಗೆ ಕಿವಿಗೊಡಬೇಡಿ. ಬಾಯಿಯ ಕ್ಯಾನ್ಸರ್ ಹರಡುವುದು ಮೊದಲು ಕತ್ತಿನ ಗಂಟುಗಳಿಗೆ (ದುಗ್ಧಗ್ರಂಥಿಗಳಿಗೆ), ಆಮೇಲೆ ಹೆಚ್ಚಾಗಿ ಶ್ವಾಸಕೋಶಕ್ಕೆ. ಅನ್ನನಾಳದ ಒಳಪದರಕ್ಕೆ ಹೋಗಿ ಕೂರುವುದು ಬಹಳ ಅಪರೂಪ. ಇದು ಬಹುತೇಕ ಅಲ್ಲೇ ಹುಟ್ಟಿದ ಎರಡನೇ ಕ್ಯಾನ್ಸರ್. ಎರಡೂ ಕಡೆಯ ಬಯಾಪ್ಸಿ (ಚಿಕ್ಕ ತುಣುಕು ತೆಗೆದು ಮಾಡುವ ಪರೀಕ್ಷೆ) ಆಗಲೇಬೇಕು, ಎರಡಕ್ಕೂ ಸ್ಟೇಜನ್ನು ಬೇರೆ ಬೇರೆಯಾಗಿಯೇ ನೋಡಬೇಕು.

ಎಲೆಅಡಿಕೆ, ಹೊಗೆಸೊಪ್ಪು, ಬೀಡಿ, ಮದ್ಯ ಇವೆಲ್ಲ ಬಾಯಿಯಿಂದ ಅನ್ನನಾಳದವರೆಗಿನ ಪದರವನ್ನೇ ಕೆಡಿಸುತ್ತವೆ; ಹಾಗಾಗಿ ಎರಡು ಕಡೆ ಬೇರೆ ಬೇರೆ ಕ್ಯಾನ್ಸರ್ ಹುಟ್ಟಬಹುದು. 1953ರಷ್ಟು ಹಿಂದೆಯೇ ವೈದ್ಯರು ಇದನ್ನು ಗುರುತಿಸಿದ್ದರು. ಅಡಿಕೆ ಬೆಳೆಯುವ ನಮ್ಮೂರಿನಲ್ಲಿ ಹೇಳಲು ಕಷ್ಟವಾದರೂ, ಹೊಗೆಸೊಪ್ಪಿಲ್ಲದ ಬರೀ ಎಲೆಅಡಿಕೆಯೂ ಕ್ಯಾನ್ಸರ್ ತರುತ್ತದೆ.

ಎರಡನ್ನೂ ಒಂದೇ ದಿನ ತೆಗೆಯಲು ಆಗುವುದೇ ಇಲ್ಲ ಎಂದಲ್ಲ, ಆದರೆ ನಾನು ಸುಲಭಕ್ಕೆ ಅದಕ್ಕೆ ಕೈಹಾಕುವುದಿಲ್ಲ. ಕೆನ್ನೆಯನ್ನೂ ಕತ್ತಿನ ಗಂಟುಗಳನ್ನೂ ತೆಗೆದು, ತೊಡೆಯಿಂದಲೋ ಎದೆಯಿಂದಲೋ ಮಾಂಸ ತಂದು ಮುಚ್ಚುವುದೇ ದೊಡ್ಡ ಕೆಲಸ; ಅನ್ನನಾಳದ್ದು ಎದೆ, ಹೊಟ್ಟೆ ಎರಡನ್ನೂ ಮುಟ್ಟುವ ಆಪರೇಷನ್. ಅನ್ನನಾಳದ್ದು ಮೇಲ್ಪದರದಲ್ಲೇ ಇದ್ದರೆ ಎಂಡೋಸ್ಕೋಪಿಯಲ್ಲೇ ಸುಲಿದು ತೆಗೆಯಬಹುದು, ಎದೆ ತೆರೆಯಬೇಕಿಲ್ಲ. ಆಳಕ್ಕೆ ಇಳಿದಿದ್ದರೆ, ಹಲವು ಸಲ ಬಾಯಿಯದ್ದನ್ನು ಮೊದಲು ತೆಗೆದು, ಗಾಯ ಮಾಗಿದ ಮೇಲೆ ಅನ್ನನಾಳಕ್ಕೆ ಕೀಮೋ, ರೇಡಿಯೇಷನ್ ಕೊಟ್ಟು, ಬೇಕಾದರೆ ಆಮೇಲೆ ಆಪರೇಷನ್ ಮಾಡುತ್ತೇವೆ. ನೀರೂ ಇಳಿಯದಷ್ಟು ಅನ್ನನಾಳ ಕಟ್ಟಿದ್ದರೆ ಈ ಕ್ರಮವೇ ಬದಲಾಗಬಹುದು.

ಒಂದು ವಿಷಯ ಈ ವಾರವೇ ಕೇಳಿ. ಊಟಕ್ಕೆ ಹೊಟ್ಟೆಯಲ್ಲಿ ಟ್ಯೂಬ್ ಹಾಕುತ್ತೇವೆ ಎಂದರೆ, ಜಠರಕ್ಕೋ ಸಣ್ಣ ಕರುಳಿಗೋ? ಮುಂದೆ ಅನ್ನನಾಳ ತೆಗೆಯಬೇಕಾಗಿ ಬಂದರೆ ಸಾಮಾನ್ಯವಾಗಿ ಜಠರವನ್ನೇ ಕೊಳವೆಯಂತೆ ಮಾಡಿ ಮೇಲಕ್ಕೆ ಎಳೆದು ಜೋಡಿಸುತ್ತೇವೆ. ಅದರಲ್ಲಿ ಮೊದಲೇ ತೂತು ಮಾಡದಿದ್ದರೆ ಒಳ್ಳೆಯದು. ಮೂಗಿನ ಟ್ಯೂಬ್ ಅಥವಾ ಕರುಳಿನ ಟ್ಯೂಬ್ ಆದೀತೇ ಎಂದು ವಿಚಾರಿಸಿ.

ಎಲೆಅಡಿಕೆ, ಬೀಡಿ ಇವತ್ತೇ ನಿಲ್ಲಲಿ. ಬರೀ ಗಂಜಿತೆಳಿಯಲ್ಲಿ ದಿನ ದೂಡಬೇಡಿ. ತೂಕ ಇಳಿದವರಿಗೆ ಗಾಯ ಬೇಗ ಮಾಗುವುದಿಲ್ಲ. ನುಂಗಲು ಆಗುವಷ್ಟು ದಿನ ಮೊಟ್ಟೆ, ಹೆಸರುಬೇಳೆ, ಮುಳ್ಳು ತೆಗೆದ ಮೀನನ್ನು ನುಣ್ಣಗೆ ಅರೆದು ಕೊಡಿ. ಎರಡೂ ಬಯಾಪ್ಸಿಯ ಸ್ಲೈಡು, ಬ್ಲಾಕು (ಮೇಣದಲ್ಲಿ ಕೂರಿಸಿಟ್ಟ ತುಣುಕು), ಸ್ಕ್ಯಾನಿನ ಸಿ.ಡಿ. ಎಲ್ಲ ತೆಗೆದುಕೊಂಡು ಮಣಿಪಾಲಕ್ಕೋ ಮಂಗಳೂರಿಗೋ ಹೋಗಿ, ಸರ್ಜರಿ, ಕೀಮೋ, ರೇಡಿಯೇಷನ್ ಮೂರೂ ವಿಭಾಗದ ಡಾಕ್ಟರು ಒಟ್ಟಿಗೆ ಕೂರುವ ಟ್ಯೂಮರ್ ಬೋರ್ಡಿನಲ್ಲಿ ತಂದೆಯವರ ಕೇಸನ್ನು ಇಡಿ ಎಂದು ಕೇಳಿಕೊಳ್ಳಿ.