ಮಳೆ ಬಂದರೆ ಮುಗ್ಗರಿಸುವ ಪಿಕಪ್

ಪ್ರಶ್ನೆ: ಟೆಕ್ಸಾಸ್‌ನಲ್ಲಿದ್ದೇನೆ. ನನ್ನ ಹಳೇ 8 ಸಿಲಿಂಡರ್ ಪೆಟ್ರೋಲ್ ಪಿಕಪ್ ಮಳೆ ಬಂದ ದಿನ ಜರ್ಕ್ ಹೊಡೆಯುತ್ತದೆ. ಸ್ಪಾರ್ಕ್ ಪ್ಲಗ್ ಹೊಸದು. ಇನ್ನೇನು ನೋಡಲಿ?

ಉತ್ತರ: ಪ್ಲಗ್ ವೈರ್, ಅಂದರೆ ಸ್ಪಾರ್ಕ್ ಪ್ಲಗ್‌ಗೆ ಕರೆಂಟ್ ಒಯ್ಯುವ ವೈರ್ ನೋಡಿ. ಕತ್ತಲಲ್ಲಿ ಎಂಜಿನ್ ಸ್ಟಾರ್ಟ್ ಮಾಡಿ, ಬಾನೆಟ್ ಎತ್ತಿ, ವೈರ್‌ಗಳ ಮೇಲೆ ಸ್ವಲ್ಪ ನೀರು ಸ್ಪ್ರೇ ಮಾಡಿ, ನೀಲಿ ಕಿಡಿ ಚಟಚಟ ಅಂದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಕೈ ಮಾತ್ರ ಹಾಕಬೇಡಿ, ಸಾವಿರಾರು ವೋಲ್ಟ್ ಇರುತ್ತದೆ. ಒಂದೇ ವೈರ್ ಹೋಗಿದ್ದರೂ ಪೂರ್ತಿ ಸೆಟ್ ಬದಲಿಸಿ.

ಎಂಜಿನ್ ತಣ್ಣಗಾದ ಮೇಲೆ ಒಂದು ತೆಗೆದು, ಅಷ್ಟೇ ಉದ್ದದ್ದು ಒಂದು ಹಾಕಿ. ಎಂಟನ್ನೂ ಒಟ್ಟಿಗೆ ಕಿತ್ತರೆ ಯಾವುದು ಎಲ್ಲಿಗೆ ಅಂತ ತಲೆ ಕೆರೆದುಕೊಳ್ಳಬೇಕು, ನಾನೂ ಕೆರೆದುಕೊಂಡವನೇ! ವೈರ್ ಹಿಡಿದು ಎಳೆಯಬೇಡಿ, ತುದಿಯ ರಬ್ಬರ್ ಟೊಪ್ಪಿ (ಬೂಟ್) ತಿರುಚಿ ಬಿಡಿಸಿ. ಹಾಕುವಾಗ ಟಕ್ ಅನ್ನಬೇಕು. ಬಿಸಿ ಎಕ್ಸಾಸ್ಟ್‌ಗೆ ತಾಗದಂತೆ ಕ್ಲಿಪ್‌ಗೆ ಸಿಕ್ಕಿಸಿ.