ಹಳೇಬೀಡಿನ ಗೋಡೆ ಮುಂದೆ ಮುಖ ಎದ್ದು ಕಾಣಬೇಕಾದರೆ

ಹೊಯ್ಸಳೇಶ್ವರ ದೇವಸ್ಥಾನದ ಗೋಡೆಗೆ ಮಾಡೆಲ್‌ನ ಒರಗಿಸಿ 35 ಎಂಎಂ ಲೆನ್ಸ್‌ನಲ್ಲಿ ಫೋಟೋ ತೆಗೆದೆ, ಮುಖ ಶಿಲ್ಪಗಳ ನಡುವೆ ಕಳೆದುಹೋಯ್ತು ಅಂದಿದ್ದೀರಿ. ಒರಗಿಸಿದ್ದೇ ಕಾರಣ, ಗೋಡೆ, ಮುಖ ಎರಡೂ ಒಂದೇ ಫೋಕಸ್‌ನಲ್ಲಿವೆ. ಕಲ್ಲಿಗೂ ಒಳ್ಳೆಯದಲ್ಲ, ದಯವಿಟ್ಟು ಮುಟ್ಟಿಸಬೇಡಿ. ಎರಡು ಮೀಟರ್ ಮುಂದಕ್ಕೆ ನಿಲ್ಲಿಸಿ, 85 ಎಂಎಂ ಲೆನ್ಸ್ ಹಾಕಿ, ಅಪರ್ಚರ್ (ಲೆನ್ಸ್ ತೆರೆದುಕೊಳ್ಳುವ ಅಳತೆ) ಎಫ್/4 ಇಡಿ. ಶಿಲ್ಪಗಳ ಗುರುತು ಸಿಗುವಷ್ಟೇ ಮಸುಕಾಗುತ್ತೆ. ಇನ್ನೂ ಅಗಲಕ್ಕೆ ತೆರೆದು ಎಫ್/1.8ಕ್ಕೆ ಹೋದರೆ ಕೆತ್ತನೆಯ ವಿವರವೆಲ್ಲ ಕರಗಿಹೋಗುತ್ತೆ, ಆಮೇಲೆ ಹಳೇಬೀಡಿಗೆ ಹೋಗಿ ಏನು ಬಂತು?

ಆನೆ, ಕುದುರೆ ಸಾಲುಗಳ ಅಡ್ಡಗೆರೆ ಕುತ್ತಿಗೆ ಹಿಂದೆ ಹಾಯದಂತೆ ಕ್ಯಾಮೆರಾ ಎತ್ತರ ಬದಲಿಸಿ. ತಲೆಯ ಹಿಂದೆ ಎರಡು ದೊಡ್ಡ ಶಿಲ್ಪಗಳ ನಡುವಿನ ನೆರಳು ಬರಲಿ. ಕ್ಯಾಮೆರಾ ಗೋಡೆಗೆ ನೇರವಾಗಿಲ್ಲದಿದ್ದರೆ ಸಾಲುಗಳು ಓರೆಯಾಗುತ್ತವೆ. ಬೆಳಿಗ್ಗೆ ಪಶ್ಚಿಮದ ಗೋಡೆ ನೆರಳಲ್ಲಿರುತ್ತೆ, ಬೆಳಕು ಮೃದು. ಕಪ್ಪು ಕಲ್ಲು ನೋಡಿ ಕ್ಯಾಮೆರಾದ ಬೆಳಕಿನ ಮೀಟರ್ ಮುಖ ಬಿಳುಚಿಸಿದರೆ ಎಕ್ಸ್‌ಪೋಶರ್ ಕಾಂಪನ್ಸೇಶನ್ (ಫೋಟೋದ ಬೆಳಕು ಹೆಚ್ಚು-ಕಡಿಮೆ ಮಾಡುವ ಸೆಟ್ಟಿಂಗ್) -0.7 ಕೊಡಿ. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು.